ಪರೀಕ್ಷೆಯ ದಿನ ಮಾತ್ರ ನೆನಪಾಗುವ ಹುಡುಗಿ

ಪತ್ರ: "ನಾನು ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ಕಾಮರ್ಸ್ ಅತಿಥಿ ಉಪನ್ಯಾಸಕಿ. ಬಿ.ಕಾಂ. ಎರಡನೇ ವರ್ಷದಲ್ಲಿ ಹೆಚ್ಚುಕಮ್ಮಿ ಕಣ್ಣೇ ಕಾಣದ ಒಬ್ಬ ಹುಡುಗಿ ಇದ್ದಾಳೆ. ಪರೀಕ್ಷೆಯಲ್ಲಿ ಅವಳಿಗೆ ಬರೆದುಕೊಡಲು ಸ್ಕ್ರೈಬ್ ಸಿಗುತ್ತಾರೆ, ಒಂದು ಗಂಟೆ ಜಾಸ್ತಿ ಸಮಯವೂ ಸಿಗುತ್ತದೆ. 'ಇದು ಉಳಿದ ಮಕ್ಕಳಿಗೆ ಅನ್ಯಾಯ ಅಲ್ವಾ?' ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಅದೇ ಕ್ಲಾಸಿನ ಇನ್ನೊಬ್ಬ ಹುಡುಗ ಬಾಯಲ್ಲಿ ಎಲ್ಲ ಹೇಳುತ್ತಾನೆ, ಬರೆಯಲು ಕೂತರೆ ಅರ್ಧ ಪುಟ ದಾಟುವುದಿಲ್ಲ. ಎಂಬತ್ತು ಮಕ್ಕಳ ಕ್ಲಾಸು, ನನ್ನ ಕೆಲಸಕ್ಕೇ ವರ್ಷ ವರ್ಷ ಖಾತ್ರಿ ಇಲ್ಲ. ನಾನೇನು ಮಾಡಬಹುದು? ಪಾಪ ಅನಿಸಿ ಇಂಟರ್ನಲ್ಸ್‌ನಲ್ಲಿ ಇಬ್ಬರಿಗೂ ಐದು ಮಾರ್ಕ್ಸ್ ಜಾಸ್ತಿ ಹಾಕೋಣ ಅಂದುಕೊಂಡಿದ್ದೇನೆ." (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಡಂ, ಮೊದಲು ಆ ಐದು ಮಾರ್ಕ್ಸ್ ವಿಷಯ. ದಯವಿಟ್ಟು ಹಾಕಬೇಡಿ. ಹಾಕಿದರೆ ನಿಮ್ಮ ಸ್ಟಾಫ್ ರೂಮಿನವರ ಪ್ರಶ್ನೆಗೆ 'ಹೌದು, ಅನ್ಯಾಯವೇ' ಅಂತ ನೀವೇ ಒಪ್ಪಿಕೊಂಡ ಹಾಗೆ. ಆ ಹುಡುಗಿಗೂ ಗೊತ್ತಾಗುತ್ತದೆ. ಯಾವ ಮಾರ್ಕ್ಸ್ ತಾನು ಗಳಿಸಿದ್ದು, ಯಾವುದು ಪಾಪ ಅಂತ ಬಂದದ್ದು ಅಂತ ಮುಂದೆ ಅವಳಿಗೇ ಅನುಮಾನ ಶುರುವಾಗುತ್ತದೆ. ಅವಳಿಗೆ ಬೇಕಿರುವುದು ಮಾರ್ಕ್ಸ್ ಅಲ್ಲ, ನೋಟ್ಸ್. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಗಂಟೆ ಜಾಸ್ತಿ ಕೊಡುವುದು ಅನ್ಯಾಯವೇ? ನಾನು ಕಾಯ್ದೆಯಿಂದ ಶುರು ಮಾಡಬಹುದಿತ್ತು. ಆದರೆ ನನಗೆ ಇದು ಅರ್ಥವಾದದ್ದು ಕಾಯ್ದೆಯಿಂದಲ್ಲ, ಒಂದು ಬ್ಯಾಲೆನ್ಸ್ ಶೀಟಿನಿಂದ.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ನಾನು ಪಿಯುಸಿ ಸೈನ್ಸ್ ಓದುತ್ತಿದ್ದೆ. ನಮ್ಮ ಹಾಸ್ಟೆಲ್ಲಿನಲ್ಲಿ ಬಿ.ಕಾಂ. ಓದುತ್ತಿದ್ದ ಅಣ್ಣನೊಬ್ಬನಿಗೆ ಕಣ್ಣು ಕಾಣುತ್ತಿರಲಿಲ್ಲ. ಅಕೌಂಟ್ಸ್ ಗೊತ್ತಿಲ್ಲದವನು, ಅವನಿಗಿಂತ ಕೆಳಗಿನ ತರಗತಿಯವನು ಅಂತ ನನ್ನನ್ನೇ ಬರೆಯಲು ಕೂರಿಸಿದರು. ಕೂರಿಸಿದ್ದೋ ವರಾಂಡದಲ್ಲಿ, ಗಂಟೆ ಹೊಡೆಯುವ ಜಾಗದ ಪಕ್ಕ. ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಒಟ್ಟು ಕೂಡಿದಾಗ ಆಸ್ತಿಯ ಕಡೆ 900 ರೂಪಾಯಿ ಕಡಿಮೆ ಬಂತು. ನನಗೆ ಕೈ ನಡುಗಿತು. ಅವನು ಒಂದು ಕ್ಷಣ ಸುಮ್ಮನಿದ್ದು, "ಒಂಬತ್ತರಿಂದ ಭಾಗ ಆಗುತ್ತಲ್ಲೋ. ನೀನು ಎಲ್ಲೋ ಎರಡು ಅಂಕಿ ಅದಲು ಬದಲು ಬರೆದಿದ್ದೀಯ, ಹುಡುಕು" ಅಂದ. ಹುಡುಕಿದೆ. 5,400 ಅಂತ ಅವನು ಹೇಳಿದ್ದನ್ನು 4,500 ಅಂತ ಬರೆದಿದ್ದೆ. ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ಬರುವ ವ್ಯತ್ಯಾಸ ಒಂಬತ್ತರಿಂದ ಭಾಗ ಆಗುತ್ತದೆ, ಕಾಮರ್ಸ್ ಹೇಳಿಕೊಡುವ ನಿಮಗೆ ಇದು ಹಳೇ ಉಪಾಯ. ನನಗೆ ಅವತ್ತು ಪವಾಡದ ಹಾಗೆ ಕಂಡಿತ್ತು. ಆದರೆ ತಪ್ಪು ಹುಡುಕಿ, ಹೊಡೆದು ಹಾಕಿ, ಮತ್ತೆ ಓದಿ ಹೇಳುವುದಕ್ಕೆ ಹದಿನೈದು ನಿಮಿಷ ಹೋಯಿತು. ಅವತ್ತು ಅವನಿಗೆ ಜಾಸ್ತಿ ಸಿಕ್ಕಿದ್ದೇ ಅರ್ಧ ಗಂಟೆ. ಅದರಲ್ಲಿ ಅರ್ಧ ತಿಂದವನು ನಾನು.

ಆ ಸಮಯ ಇರುವುದು ಇದಕ್ಕೆ. ಬೇರೆ ಮಕ್ಕಳು ಪ್ರಶ್ನೆಪತ್ರಿಕೆಯ ಮೇಲೆ ಸುಮ್ನೆ ಕಣ್ಣಾಡಿಸಿ ಯಾವುದು ಸುಲಭ ಅಂತ ಆರಿಸಿಕೊಳ್ಳುತ್ತಾರೆ. ಇವಳು ಇಡೀ ಪತ್ರಿಕೆಯನ್ನು ಇನ್ನೊಬ್ಬರ ಬಾಯಿಂದ ಕೇಳಿ ನೆನಪಿಟ್ಟುಕೊಳ್ಳಬೇಕು, ಉತ್ತರ ಕಟ್ಟಬೇಕು, ಹೇಳಬೇಕು, ಬರೆದದ್ದನ್ನು ಮತ್ತೆ ಓದಿಸಬೇಕು. ಅಕೌಂಟ್ಸ್ ಪರೀಕ್ಷೆ ನೋಡಬೇಕಾದದ್ದು ಯಾವ ಖಾತೆಗೆ ಡೆಬಿಟ್, ಯಾವುದಕ್ಕೆ ಕ್ರೆಡಿಟ್ ಅಂತ ಗೊತ್ತಿದೆಯೋ ಇಲ್ಲವೋ ಅನ್ನುವುದನ್ನು. ಕಣ್ಣು ಎಷ್ಟು ಚುರುಕು ಅನ್ನುವುದನ್ನಲ್ಲ. ಇನ್ನೊಂದು ಸಲ ಯಾರಾದರೂ ಅನ್ಯಾಯ ಅಂದರೆ, ಒಂದು ಟ್ರಯಲ್ ಬ್ಯಾಲೆನ್ಸನ್ನು ಕಣ್ಣು ಮುಚ್ಚಿ ಬರೆಸಿ ನೋಡಿ ಸಾರ್ ಅನ್ನಿ.

ಈಗ ಲೆಕ್ಕ. ಗಂಟೆಗೆ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಇದು ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬಂದದ್ದು. ಬ್ರೈಲ್‌ನಲ್ಲಿ, ಕಂಪ್ಯೂಟರಿನಲ್ಲಿ, ದೊಡ್ಡ ಅಕ್ಷರದ ಪತ್ರಿಕೆಯಲ್ಲಿ, ಉತ್ತರವನ್ನು ಧ್ವನಿಮುದ್ರಿಸಿಯೂ ಪರೀಕ್ಷೆ ಕೊಡಬಹುದು ಅನ್ನುವ ಆಯ್ಕೆಯನ್ನೂ ಅದೇ ಮಾರ್ಗಸೂಚಿ ಹೇಳಿತ್ತು. ನಮ್ಮಲ್ಲಿ ಸ್ಕ್ರೈಬ್ ಒಂದನ್ನು ಬಿಟ್ಟು ಉಳಿದದ್ದನ್ನು ಕೇಳುವವರೇ ಕಡಿಮೆ. ಸ್ಕ್ರೈಬ್ ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ನಿಮ್ಮ ವಿಶ್ವವಿದ್ಯಾಲಯದ ಹೊಸ ಸುತ್ತೋಲೆಯನ್ನು ಆಫೀಸಿನಲ್ಲಿ ಕೇಳಿ ಇಟ್ಟುಕೊಳ್ಳಿ.

ಇನ್ನು ನಿಜವಾದ ಸಮಸ್ಯೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಹುಡುಗಿಗೆ ಪರೀಕ್ಷೆಯಲ್ಲಿ ಏನು ಸಿಗುತ್ತದೆ ಅಂತ ಬರೆದಿದ್ದೀರಿ. ಉಳಿದ ನಾಲ್ಕೈದು ತಿಂಗಳು ಅವಳು ಹೇಗೆ ಓದುತ್ತಾಳೆ ಅನ್ನುವುದು ಎಲ್ಲೂ ಇಲ್ಲ. ನಿಮ್ಮನ್ನು ದೂರುತ್ತಿಲ್ಲ, ಎಲ್ಲ ಕಡೆ ಇದೇ ಕತೆ. ಹಾಲ್ ಟಿಕೆಟ್ ಬಂದಾಗ 'ಅಯ್ಯೋ, ಆ ಹುಡುಗಿಗೊಬ್ಬ ಸ್ಕ್ರೈಬ್ ನೋಡಬೇಕಲ್ಲ' ಅಂತ ಓಡಾಟ ಶುರುವಾಗುತ್ತದೆ. ಅಲ್ಲಿಯವರೆಗೆ ಅವಳು ಯಾರಿಗೂ ನೆನಪಿರುವುದಿಲ್ಲ. ಓದಲು ಏನೂ ಕೊಡದೆ ಬರೆಯಲು ಒಬ್ಬರನ್ನು ಕೊಟ್ಟರೆ ಅವಳು ಏನನ್ನು ಬರೆಸಬೇಕು?

ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗಿ ನೀವು ಹಾಕಿದ ನೋಟ್ಸ್ ತೆಗೆದು ನೋಡಿ. ಬಹುಶಃ ಅರ್ಧದಷ್ಟು ಮೊಬೈಲಿನಲ್ಲಿ ಫೋಟೊ ಹೊಡೆದು ಪಿಡಿಎಫ್ ಮಾಡಿದ್ದು. ಅದು ಚಿತ್ರ. ಕಂಪ್ಯೂಟರ್ ಅಥವಾ ಫೋನು ಅದನ್ನು ಓದಿ ಹೇಳಬೇಕಾದರೆ ಮೊದಲು ಅದರಿಂದ ಅಕ್ಷರ ಬಿಡಿಸಬೇಕು, ಕೈಬರಹವಾದರೆ ಅದೂ ಕಷ್ಟ. ಇನ್ನರ್ಧ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಇದು ಕನ್ನಡದ್ದೇ ಆದ ಗೋಳು, ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಆ ಹಳೇ ಫಾಂಟುಗಳಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕನ್ನಡ, ಆದರೆ ಒಳಗಿರುವುದು ಇಂಗ್ಲಿಷಿನ ಅಕ್ಷರ ಮತ್ತು ಗುರುತುಗಳು. 'ಕನ್ನಡ' ಅನ್ನುವ ಪದವನ್ನೇ ಓದಿಸಿದರೆ ಯಂತ್ರ ಪಿ, ಪೌಂಡ್ ಗುರುತು, ಕ್ಯೂ ಅಂತ ಏನೇನೋ ಒದರುತ್ತದೆ. ಯೂನಿಕೋಡ್‌ನಲ್ಲಿ (ಒಳಗೂ ಕನ್ನಡದ್ದೇ ಅಕ್ಷರ ಇರುವ ವಿಧಾನ) ಟೈಪ್ ಮಾಡಿದ್ದರೆ ಅದೇ ಯಂತ್ರ ಕನ್ನಡ ಅಂತಲೇ ಓದುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ, ಹಳೇ ಫೈಲುಗಳನ್ನು ಬದಲಾಯಿಸುವ ಕನ್ವರ್ಟರುಗಳೂ ಪುಕ್ಕಟೆ ಸಿಗುತ್ತವೆ. ಒಂದು ಸಂಜೆಯ ಕೆಲಸ.

ಓದಿ ಹೇಳುವ ತಂತ್ರಾಂಶಕ್ಕೂ ದುಡ್ಡು ಬೇಡ. ಎನ್‌ವಿಡಿಎ ಅಂತ ಇದೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಕಣ್ಣು ಕಾಣದ ಇಬ್ಬರು ಸೇರಿ ಶುರು ಮಾಡಿದ್ದು, ಇವತ್ತಿಗೂ ಉಚಿತ, ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ರೋಬೋ ತರಹ ಇರುತ್ತದೆ, ನಮಗೆ ಕಿರಿಕಿರಿ, ಆದರೆ ಅಭ್ಯಾಸ ಆದವರು ಅದನ್ನು ನಾವು ಕಣ್ಣಲ್ಲಿ ಓದುವುದಕ್ಕಿಂತ ಜೋರಾಗಿ ಓಡಿಸುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದ್ದೇ ಇದೆ. ಲೆಕ್ಕದ ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ಕೊಡಿ, ಒಂದೊಂದೇ ಖಾನೆಗೆ ಹೋಗಿ ಕೇಳಿಸಿಕೊಳ್ಳಬಹುದು. ಪಠ್ಯಪುಸ್ತಕಗಳಿಗೆ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಲೈಬ್ರರಿ ಇದೆ, ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳಲ್ಲಿ ಓದಿ ಧ್ವನಿಮುದ್ರಿಸಿದ ಪುಸ್ತಕಗಳೂ ಸಿಗುತ್ತವೆ. ಪುಸ್ತಕ ಸ್ಕ್ಯಾನ್ ಮಾಡಿದರೆ ಕಾಪಿರೈಟ್ ತೊಂದರೆ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ಓದಲಾಗದವರಿಗೆ ಹಾಗೆ ಪ್ರತಿ ಮಾಡಿಕೊಡಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲೇ ಅವಕಾಶವಿದೆ.

ಇದೆಲ್ಲಕ್ಕಿಂತ ಸುಲಭವಾದದ್ದು ನಿಮ್ಮ ಬಾಯಲ್ಲೇ ಇದೆ. ಬೋರ್ಡಿನ ಮುಂದೆ ನಿಂತು ನಾವು ಹೇಗೆ ಮಾತಾಡುತ್ತೇವೆ? 'ಇದನ್ನ ಇಲ್ಲಿಂದ ಕಳೆದರೆ ಇಷ್ಟು ಬರುತ್ತೆ, ಅದನ್ನ ತಗೊಂಡು ಇಲ್ಲಿ ಹಾಕಿ.' ಈ ಮಾತಿನಲ್ಲಿ ಅವಳಿಗೆ ಸಿಕ್ಕಿದ್ದು ಏನೂ ಇಲ್ಲ. 'ಯಂತ್ರದ ಬೆಲೆ 50,000, ಅದರಿಂದ ಸವಕಳಿ 5,000 ಕಳೆದರೆ 45,000, ಇದನ್ನು ಆಸ್ತಿಯ ಕಡೆ ಬರೆಯಿರಿ' ಅನ್ನಿ. ಬರೆಯುತ್ತಲೇ ಅದನ್ನೇ ಬಾಯಲ್ಲಿ ಹೇಳಿ, ಅಷ್ಟೇ. ಕೊನೇ ಬೆಂಚಿನವರಿಗೂ ಇದು ಒಳ್ಳೆಯದೇ, ಅವರಿಗೂ ಎಷ್ಟೋ ಸಲ ಬೋರ್ಡು ಕಾಣುವುದಿಲ್ಲ.

ಇನ್ನೊಂದು, ಸ್ಕ್ರೈಬ್‌ಗೆ ಹೇಳಿ ಬರೆಸುವುದೂ ಒಂದು ವಿದ್ಯೆ. ಎಲ್ಲಿ ಪ್ಯಾರಾ, ಎಲ್ಲಿ ಗೆರೆ, ಎಷ್ಟು ವೇಗ ಅನ್ನುವುದೆಲ್ಲ ರೂಢಿಯಾಗಬೇಕು. ನಿಮ್ಮ ಇಂಟರ್ನಲ್ ಟೆಸ್ಟುಗಳಲ್ಲೇ ಕಿರಿಯ ತರಗತಿಯ ಯಾರನ್ನಾದರೂ ಕೂರಿಸಿ ಅಭ್ಯಾಸ ಮಾಡಿಸಿ. ಮುಖ್ಯ ಪರೀಕ್ಷೆಯಲ್ಲಿ ಮೊದಲ ಸಲ ಮುಖ ನೋಡುವ ಜೋಡಿ ನಮ್ಮಿಬ್ಬರ ಹಾಗೆ 900 ರೂಪಾಯಿ ಹುಡುಕುತ್ತಾ ಕೂರುತ್ತದೆ.

ಆ ಹುಡುಗನ ವಿಷಯ ಬೇರೆ. ಅವನದು ಕಣ್ಣಿಗೆ ಕಾಣುವ ತೊಂದರೆ ಅಲ್ಲ, ಹಾಗಾಗಿ 'ಸೋಮಾರಿ' ಅನ್ನುವ ಹೆಸರು ಬೇಗ ಬೀಳುತ್ತದೆ. ಓದು ಬರಹದಲ್ಲಿ ತೊಡಕು ತರುವ ಡಿಸ್ಲೆಕ್ಸಿಯಾ ಅಥವಾ ಡಿಸ್‌ಗ್ರಾಫಿಯಾ ಇರಬಹುದು, ಇಲ್ಲದೆಯೂ ಇರಬಹುದು. ನೀವೂ ನಾನೂ ಡಾಕ್ಟರಲ್ಲ. 1995ರ ಹಳೇ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಮಾತ್ರ ಇತ್ತು, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಅದು 21 ಆಯಿತು. ಇಂಥ ಕಲಿಕಾ ನ್ಯೂನತೆ ಸೇರಿದ್ದು ಆಗಲೇ. ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಲಿ. ಸರ್ಟಿಫಿಕೇಟಿನಲ್ಲಿ ನ್ಯೂನತೆ 40 ಪರ್ಸೆಂಟ್ ಅಂತ ಬಂದರೆ ಸೀಟು ಮೀಸಲಾತಿಯೂ ಸೇರಿ ಎಲ್ಲ ಸೌಲಭ್ಯಕ್ಕೆ ದಾರಿ. ಬರದಿದ್ದರೂ ಬಾಗಿಲು ಮುಚ್ಚಿಲ್ಲ. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಐಎಎಸ್ ಪರೀಕ್ಷೆಯಲ್ಲಿ ಸ್ಕ್ರೈಬ್ ಕೊಡಲು ಒಪ್ಪಿರಲಿಲ್ಲ. ಆ ಕೇಸಿನಲ್ಲಿ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, 40 ಪರ್ಸೆಂಟ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವ ಹಾಗಿಲ್ಲ ಎಂದಿತು.

ಆದರೆ ಅದಕ್ಕೆ ಮುಂಚೆ ಅವನ ಜೊತೆ ಮಾತಾಡಿ. ಕ್ಲಾಸಿನಲ್ಲಲ್ಲ, ಒಬ್ಬನೇ ಸಿಕ್ಕಾಗ. 'ಎದ್ದು ನಿಲ್ಲಪ್ಪಾ, ಎಲ್ಲರೂ ಇವನಿಗೆ ಸಹಾಯ ಮಾಡಿ' ಅಂತ ಎಂಬತ್ತು ಜನರ ಮುಂದೆ ಹೇಳಿದರೆ ಅವನು ನಾಳೆಯಿಂದ ಬರುವುದಿಲ್ಲ. ಸರ್ಟಿಫಿಕೇಟ್ ಬೇಡ ಅಂದರೂ ಅವನ ಇಷ್ಟ. ಅದಿಲ್ಲದೆಯೂ ಮಾಡುವುದು ಬಹಳ ಇದೆ. ಪಾಠ ರೆಕಾರ್ಡ್ ಮಾಡಿಕೊಳ್ಳಲು ಬಿಡಿ. ಉತ್ತರವನ್ನು ಮೊದಲು ಫೋನಿಗೆ ಹೇಳಿ, ಅದನ್ನು ಕೇಳುತ್ತಾ ಬರೆಯಲಿ. ಹೀಗೆ ಮಾಡಿದರೆ ಏನು ಹೇಳಬೇಕು ಅಂತ ಯೋಚಿಸುವುದು, ಹೇಗೆ ಬರೆಯಬೇಕು ಅಂತ ಒದ್ದಾಡುವುದು ಎರಡೂ ಒಟ್ಟಿಗೆ ತಲೆಯ ಮೇಲೆ ಬೀಳುವುದಿಲ್ಲ. ಹತ್ತು ಮಾರ್ಕ್ಸಿನ ಪ್ರಶ್ನೆಗೆ ಐದು ಪದ ಮೊದಲು ಬದಿಗೆ ಬರೆದುಕೊಂಡು ಒಂದೊಂದಕ್ಕೆ ಎರಡೆರಡು ಸಾಲು ಅಂತ ಅಭ್ಯಾಸ ಮಾಡಿಸಿ. ಒತ್ತಕ್ಷರ, ಸ್ಪೆಲ್ಲಿಂಗ್ ತಪ್ಪಿಗೆ ಕೆಂಪು ಇಂಕು ಸುರಿಯಬೇಡಿ. ನೀವು ಹೇಳಿಕೊಡುತ್ತಿರುವುದು ಅಕೌಂಟ್ಸ್.

ಕಿವಿ ಕೇಳದವರು ಮುಂದೆ ಬಂದರೆ ಬೋರ್ಡಿನ ಕಡೆ ತಿರುಗಿ ಪಾಠ ಮಾಡುವ ಅಭ್ಯಾಸ ಬಿಡಬೇಕು, ತುಟಿ ಕಾಣಬೇಕು. ಗಾಲಿಕುರ್ಚಿಯವರು ಬಂದರೆ ಲಿಫ್ಟ್ ಬರುವವರೆಗೆ ಕಾಯಬೇಕಿಲ್ಲ, ಟೈಮ್‌ಟೇಬಲ್ ತಿದ್ದಿ ಕ್ಲಾಸನ್ನೇ ಕೆಳಗೆ ತಂದರೆ ಸಾಕು. ಟಾಯ್ಲೆಟ್ ಮಾತ್ರ ಮರೆಯಬೇಡಿ. ಹೋಗಲು ಆಗುವುದಿಲ್ಲ ಅಂತ ಬೆಳಗಿನಿಂದ ನೀರೇ ಕುಡಿಯದೆ ಕೂರುವ ಹೆಣ್ಣುಮಕ್ಕಳಿದ್ದಾರೆ.

ಇನ್ನು ಆಫೀಸು. ನೀವು ಅತಿಥಿ ಉಪನ್ಯಾಸಕಿ, ನಿಮ್ಮ ಹೆಸರಿನಲ್ಲಿ ಜಗಳ ಬೇಡ. ಅರ್ಜಿ ವಿದ್ಯಾರ್ಥಿನಿಯ ಹೆಸರಲ್ಲೇ ಹೋಗಲಿ, ಸೆಮಿಸ್ಟರ್ ಶುರುವಾದ ಮೊದಲ ತಿಂಗಳಲ್ಲೇ ಹೋಗಲಿ. ಏನೇನು ಬೇಕು ಅಂತ ಬರೆದು, ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಝೆರಾಕ್ಸ್ ಲಗತ್ತಿಸಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಲಿ. ಆ ಸೀಲು ಬಹಳ ಕೆಲಸ ಮಾಡುತ್ತದೆ. 2016ರ ಕಾಯ್ದೆಯ 17ನೇ ಕಲಂನಲ್ಲಿ ಹೆಚ್ಚಿನ ಸಮಯ, ಸ್ಕ್ರೈಬ್, ಎರಡನೇ ಮೂರನೇ ಭಾಷೆಯ ವಿನಾಯಿತಿ ಎಲ್ಲ ಹೆಸರಿಟ್ಟು ಬರೆದಿದೆ, ಅರ್ಜಿಯಲ್ಲಿ ಅದನ್ನು ಕಾಣಿಸಲಿ. ಸರ್ಕಾರಿ ಕಾಲೇಜಾದರೆ ಕುಂದುಕೊರತೆ ಕೇಳುವ ಅಧಿಕಾರಿ ಇರಲೇಬೇಕು, ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರ ಕಚೇರಿ ಇದೆ. ಕಾರ್ಡೇ ಆಗಿಲ್ಲ ಅಂದರೆ ಅವಳ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಊರಲ್ಲಿ ಎಲ್ಲರೂ ವಿಆರ್‌ಡಬ್ಲ್ಯು ಅನ್ನುತ್ತಾರಲ್ಲ, ಅವರೇ.

ಇಷ್ಟು ಬರೆದು, ಸುಮ್ಮನಿರಲಾರದೆ ನಮ್ಮ ಪತ್ರಿಕೆಯ ಕಳೆದ ಸಂಚಿಕೆಯ ಪಿಡಿಎಫ್ ತೆಗೆದು ಎನ್‌ವಿಡಿಎ ಹಚ್ಚಿದೆ. ಮೊದಲ ಪುಟದಿಂದಲೇ ಪಿ, ಪೌಂಡ್ ಗುರುತು, ಕ್ಯೂ. ಪುಟ ಕಟ್ಟುವುದು ಇಂದಿಗೂ ಹಳೇ ಫಾಂಟಿನಲ್ಲಿ, ಇಷ್ಟು ವರ್ಷ ನಾನು ಒಂದು ಸಲವೂ ಓದಿಸಿ ನೋಡಿರಲಿಲ್ಲ. ಮುಂದಿನ ಸಂಚಿಕೆಯಿಂದ ಕೇಳಿದವರಿಗೆಲ್ಲ ಯೂನಿಕೋಡ್ ಫೈಲ್ ಕಳಿಸುತ್ತೇವೆ. ನಿಮ್ಮ ವಿದ್ಯಾರ್ಥಿನಿಗೆ ಬೇಕಾ ಅಂತ ಕೇಳಿ ತಿಳಿಸಿ. ವರ್ಡ್ ಫೈಲ್ ಸಾಕಾ, ಬೇರೆ ಏನಾದರೂ ಬೇಕಾ ಅನ್ನುವುದನ್ನೂ ಅವಳನ್ನೇ ಕೇಳಿ.

-ಸಂ.