ವಿಡಿಯೊ ಚೆನ್ನಾಗಿದೆ, ನೋಡುವವರು ಎಲ್ಲಿ?

ಪ್ರಶ್ನೆ: ನಮ್ಮ ಸುತ್ತಮುತ್ತ ನಡೆಯುವ ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನದ ಆಟಗಳನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುತ್ತಿದ್ದೇನೆ. ನಾನಿರುವ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಲಿಂಕ್ ಕಳಿಸುತ್ತೇನೆ. ಆದರೂ ಒಂದು ವಿಡಿಯೊವನ್ನು ನೂರು ಜನ ನೋಡಿದರೆ ಹೆಚ್ಚು. ಬೆಂಗಳೂರು, ಮುಂಬೈ, ದುಬೈಯಲ್ಲಿರುವ ನಮ್ಮವರಿಗೆ ತಲುಪಿಸುವುದು ಹೇಗೆ?
– ಓದುಗರು, ಹೊನ್ನಾವರ

ಉತ್ತರ: ರಾತ್ರಿಯಿಡೀ ನಿದ್ದೆ ಬಿಟ್ಟು ಕ್ಯಾಮೆರಾ ಹಿಂದೆ ನಿಲ್ಲುವುದು ಸಣ್ಣ ಕೆಲಸ ಅಲ್ಲ. ಮೊದಲು ಅದಕ್ಕೊಂದು ನಮಸ್ಕಾರ. ನಿಮ್ಮ ಚಾನೆಲ್ ತೆರೆದು ನೋಡಿದೆ. ಚಿತ್ರ ಸ್ಪಷ್ಟವಾಗಿದೆ, ಭಾಗವತಿಕೆ ಚೆನ್ನಾಗಿ ಕೇಳುತ್ತದೆ, ಚಂಡೆ ಬಂದಾಗಲೂ ಸದ್ದು ಒಡೆಯುವುದಿಲ್ಲ. ಆದರೆ ನೀವು ಇಟ್ಟ ಹೆಸರುಗಳು ಹೀಗಿವೆ: ‘ಯಕ್ಷಗಾನ ಭಾಗ 1’, ‘ಯಕ್ಷಗಾನ ಭಾಗ 2’, ‘ಸೂಪರ್ ಯಕ್ಷಗಾನ’. ದುಬೈಯಲ್ಲಿ ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದವರು ಹೀಗೆ ಹುಡುಕುತ್ತಾರಾ? ಅವರು ಪ್ರಸಂಗದ ಹೆಸರು ಹಾಕುತ್ತಾರೆ, ಭಾಗವತರ ಹೆಸರು ಹಾಕುತ್ತಾರೆ. ಸುಧನ್ವ ಯಾರು, ಅರ್ಜುನ ಯಾರು ಅಂತ ನೋಡುತ್ತಾರೆ. ಇದೆಲ್ಲ ನಿಮಗೆ ಬಾಯಿಪಾಠ ಇದೆ, ವಿಡಿಯೊ ಪಕ್ಕದಲ್ಲಿ ಮಾತ್ರ ಎಲ್ಲೂ ಬರೆದಿಲ್ಲ.

ಶೀರ್ಷಿಕೆಗೆ ಯೂಟ್ಯೂಬ್ ನೂರು ಅಕ್ಷರ ಕೊಡುತ್ತದೆ. ಮೊಬೈಲಿನಲ್ಲಿ ಅಷ್ಟೂ ಕಾಣುವುದಿಲ್ಲ. ಹಾಗಾಗಿ ಪ್ರಸಂಗ ಮತ್ತು ಪಾತ್ರ ಮೊದಲು ಬರಲಿ, ಊರು, ತಾರೀಕು ಹಿಂದೆ ಇರಲಿ. ಕೆಳಗಿನ ವಿವರಣೆಯಲ್ಲಿ ಮೇಳ, ಭಾಗವತರು, ಮದ್ದಳೆ, ಚಂಡೆ, ಪ್ರತಿಯೊಂದು ವೇಷ ಯಾರದ್ದು ಎಲ್ಲ ಬರೆಯಿರಿ. ಅದನ್ನೇ ಒಮ್ಮೆ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಕನ್ನಡ ಓದಲು ಬರುವವರೂ ಹುಡುಕುವಾಗ ಇಂಗ್ಲಿಷ್ ಕೀಬೋರ್ಡನ್ನೇ ಒತ್ತುತ್ತಾರೆ. ಟ್ಯಾಗ್ ಎಂಬ ಜಾಗದಲ್ಲಿ ಪದ ತುಂಬುತ್ತಾ ಕೂರಬೇಡಿ, ಅದರ ಪಾತ್ರ ತೀರಾ ಕಡಿಮೆ ಅಂತ ಯೂಟ್ಯೂಬೇ ಹೇಳಿದೆ. ಹ್ಯಾಷ್‌ಟ್ಯಾಗ್ ಅರವತ್ತು ದಾಟಿದರೆ ಅದು ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕುಮಟೆಯಲ್ಲಿ ಕೂತು ಬೇರೆಯವರ ಆಟದ ವಿಡಿಯೊಗಳನ್ನು ಎಡಿಟ್ ಮಾಡುವವಳು ನಾನು. ಯೂಟ್ಯೂಬ್ ಸ್ಟುಡಿಯೊ ಆಪ್‌ನಲ್ಲಿ ಪ್ರತಿ ವಿಡಿಯೊಗೂ ಒಂದು ಗ್ರಾಫ್ ಇರುತ್ತದೆ. ಜನ ಯಾವ ನಿಮಿಷಕ್ಕೆ ಎದ್ದು ಹೋದರು ಅಂತ ಅದು ತೋರಿಸುತ್ತದೆ. ಆಟದ ವಿಡಿಯೊಗಳಲ್ಲಿ ಈ ಗೆರೆಯ ಚಂದ ನೋಡಬೇಕು. ಸಭಾ ಕಾರ್ಯಕ್ರಮ, ಸನ್ಮಾನ, ಪ್ರಾಯೋಜಕರ ಹೆಸರು ಬರುವ ಹೊತ್ತಿಗೆ ಗೆರೆ ದಡಕ್ಕನೆ ಕೆಳಗಿಳಿಯುತ್ತದೆ. ಆಮೇಲೆ ಸಪಾಟಾಗಿ ಸಾಗುತ್ತದೆ. ನಡುವೆ ಒಂದು ಕಡೆ ಇದ್ದಕ್ಕಿದ್ದಂತೆ ಗುಡ್ಡದಂತೆ ಏಳುತ್ತದೆ. ಅಲ್ಲಿಗೆ ಹೋಗಿ ನೋಡಿದರೆ ಭಾಗವತರು ಒಂದು ಪದ್ಯ ಎತ್ತಿರುತ್ತಾರೆ, ಕುಣಿತ ರಂಗೇರಿರುತ್ತದೆ. ಜನ ಹಿಂದೆ ಎಳೆದು ಮತ್ತೆ ಮತ್ತೆ ನೋಡಿರುತ್ತಾರೆ. ನಿಮ್ಮ ವಿಡಿಯೊದಲ್ಲಿ ಯಾವುದು ಚೆನ್ನಾಗಿದೆ ಅಂತ ಬೇರೆ ಯಾರನ್ನೂ ಕೇಳಬೇಕಿಲ್ಲ, ಆ ಗುಡ್ಡಗಳನ್ನು ಗುರುತು ಹಾಕಿಕೊಳ್ಳಿ.

ಪೂರ್ತಿ ಆಟ ಚಾನೆಲ್ಲಿನಲ್ಲಿ ಇರಲಿ, ಅದು ದಾಖಲೆ. ಅದಕ್ಕೆ ಚಾಪ್ಟರ್ ಹಾಕಿ: ವಿವರಣೆಯಲ್ಲಿ 0:00ರಿಂದ ಶುರು ಮಾಡಿ, ಸಮಯ ಬರೆದು ಪಕ್ಕದಲ್ಲಿ ಒಡ್ಡೋಲಗ (ಪಾತ್ರದ ಮೊದಲ ಪ್ರವೇಶ), ಪದ್ಯ, ಯುದ್ಧ ಅಂತ ಬರೆದರೆ ಆಯಿತು. ಕನಿಷ್ಠ ಮೂರು ಸಾಲು ಬೇಕು. ಆಮೇಲೆ ಆ ಗುಡ್ಡದ ಜಾಗಗಳನ್ನು ಏಳೆಂಟು ನಿಮಿಷದ ಬೇರೆ ವಿಡಿಯೊ ಮಾಡಿ. ಅದರಲ್ಲಿ ಸಭೆ ಬೇಡ, ನಿಮ್ಮ ಲೋಗೊ ಸುತ್ತುವುದೂ ಬೇಡ, ನೇರ ಪದ್ಯದಿಂದಲೇ ಶುರುವಾಗಲಿ. ಹಾಗೆಯೇ ಒಂದು ಶಾರ್ಟ್ಸ್ ಮಾಡಿ. 2024ರ ಅಕ್ಟೋಬರಿನಿಂದ ಶಾರ್ಟ್ಸ್ ಮೂರು ನಿಮಿಷದವರೆಗೂ ಇರಬಹುದು. ಆದರೆ ಮೊಬೈಲನ್ನು ನಿಲ್ಲಿಸಿ ಹಿಡಿದ ಅಳತೆಯಲ್ಲಿ ಒಂದು ವೇಷ ಮಾತ್ರ ಹಿಡಿಸುತ್ತದೆ. ಇಬ್ಬರು ಎದುರುಬದುರಾಗುವ ಯುದ್ಧವನ್ನು ಕತ್ತರಿಸಿ ಹಾಕಿದರೆ ಒಬ್ಬರ ಕಿರೀಟವೇ ಇರುವುದಿಲ್ಲ. ಶಾರ್ಟ್ಸ್ ಕೆಳಗೆ ಲಿಂಕ್ ಬರೆದರೆ ಒತ್ತಲು ಬರುವುದಿಲ್ಲ, 2023ರಲ್ಲೇ ಅದನ್ನು ನಿಲ್ಲಿಸಿದ್ದಾರೆ. ಬದಲಿಗೆ ‘ರಿಲೇಟೆಡ್ ವಿಡಿಯೊ’ ಎಂಬ ಜಾಗದಲ್ಲಿ ಪೂರ್ತಿ ಆಟವನ್ನು ಜೋಡಿಸಿ.

ಇನ್ನು ವಾಟ್ಸಾಪ್. ಮದುವೆ ಗುಂಪು, ಶಾಲೆ ಗುಂಪು, ಸೊಸೈಟಿ ಗುಂಪು ಎಲ್ಲದಕ್ಕೂ ಲಿಂಕ್ ಎಸೆಯುವುದನ್ನು ಬಿಡಿ. ಮುಲಾಜಿಗೆ ಒತ್ತಿ ಹತ್ತು ಸೆಕೆಂಡಿಗೆ ಮುಚ್ಚುವವರಿಂದ ಏನೂ ಸಿಗುವುದಿಲ್ಲ, ಗ್ರಾಫ್ ಮಾತ್ರ ಕೆಳಗಿಳಿಯುತ್ತದೆ. ವೇಷ ಮಾಡಿದ ಕಲಾವಿದರಿಗೇ ಕಳಿಸಿ. ಅವರ ಪ್ರವೇಶದ ನಿಮಿಷದಿಂದಲೇ ಶುರುವಾಗುವ ಲಿಂಕ್ ಕಳಿಸಿ. ಅವರು ಸ್ಟೇಟಸ್ಸಿಗೆ ಹಾಕಿದರೆ ಅದನ್ನು ನೋಡುವವರು ಆಟ ಬಲ್ಲವರೇ ಆಗಿರುತ್ತಾರೆ. ಬೆಂಗಳೂರು, ಮುಂಬೈಯ ಯಕ್ಷಗಾನ ಆಸಕ್ತರ ಗುಂಪುಗಳಿಗೂ ಕಳಿಸಬಹುದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. 2022ರಿಂದ ಅಲ್ಲಿನ ಸರ್ಕಾರಿ ವಾರದ ರಜೆ ಶನಿವಾರ, ಭಾನುವಾರ. ಹಾಗಾಗಿ ನಮ್ಮ ಶುಕ್ರವಾರ ರಾತ್ರಿ ಹಾಕಿ ನೋಡಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮೇಳದ ಯಜಮಾನರ, ಕಲಾವಿದರ ಒಪ್ಪಿಗೆ ಇಲ್ಲದೆ ಏನನ್ನೂ ಹಾಕಬೇಡಿ. ಟಿಕೆಟ್ ಆಟವಾದರೆ, ಅದರಲ್ಲೂ ಹೊಸ ಪ್ರಸಂಗವಾದರೆ, ತಿರುಗಾಟ ಮುಗಿಯುವ ತನಕ ಪೂರ್ತಿ ವಿಡಿಯೊ ಹಾಕಲೇಬಾರದು ಅನ್ನುವವಳು ನಾನು. ಅವರ ಹೊಟ್ಟೆಪಾಡು ಅದು. ಮಳೆಗಾಲದಲ್ಲಿ ಊರಲ್ಲಿ ಬಯಲಾಟ ಇರುವುದಿಲ್ಲ. ಆಗ ಹಾಕಿದರೆ ಅವರಿಗೂ ನಷ್ಟವಿಲ್ಲ, ನೋಡುವವರಿಗೂ ಪುರುಸೊತ್ತು ಇರುತ್ತದೆ.

ಪ್ರಶ್ನೆ: ನಮ್ಮ ಕಡೆ ಅಡುಗೆ ತೋರಿಸುವ ಚಾನೆಲ್ ನಡೆಸುತ್ತೇನೆ. ಆರುನೂರು ಚಿಲ್ಲರೆ ಸಬ್‌ಸ್ಕ್ರೈಬರ್ ಇದ್ದಾರೆ. ದುಡ್ಡು ಕೊಟ್ಟರೆ ವಾರದಲ್ಲಿ ಸಾವಿರ ದಾಟಿಸುತ್ತೇವೆ ಅಂತ ಒಬ್ಬರು ಫೋನ್ ಮಾಡಿದ್ದರು. ಕೊಡಬಹುದಾ?
– ಗೃಹಿಣಿ, ಗದಗ

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ ಅಕ್ಕ. ಅದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಚಾನೆಲ್ಲೇ ಹೋಗಬಹುದು. ಜಾಹೀರಾತಿನ ಹಣ ಬರಬೇಕಾದರೆ ಸಾವಿರ ಸಬ್‌ಸ್ಕ್ರೈಬರ್ ಇದ್ದರಷ್ಟೇ ಸಾಲದು. ಹನ್ನೆರಡು ತಿಂಗಳಲ್ಲಿ ಜನ ನಿಮ್ಮ ವಿಡಿಯೊಗಳನ್ನು 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬಂದಿರಬೇಕು. ಕೊಂಡ ಸಬ್‌ಸ್ಕ್ರೈಬರ್ ಕೂತು ಎಣ್ಣೆಗಾಯಿ ಮಾಡುವುದನ್ನು ನೋಡುತ್ತಾರಾ? ಗೂಗಲ್‌ಗೇ ಹಣ ಕಟ್ಟಿ ಪ್ರಚಾರ ಮಾಡುವುದು ನಿಯಮದ ಒಳಗೇ ಇದೆ. ಆದರೆ ಹಾಗೆ ಬಂದ ಗಂಟೆಗಳನ್ನು ಆ 4,000ಕ್ಕೆ ಸೇರಿಸುವುದಿಲ್ಲ.

ನಿಮ್ಮ ಜೋಳದ ರೊಟ್ಟಿ ವಿಡಿಯೊ ನೋಡಿದೆ. ಕೈ ಎಷ್ಟು ಪಳಗಿದೆ! ಆದರೆ ರೊಟ್ಟಿ ಬಡಿಯುವ ಸದ್ದಿನ ಮೇಲೆ ಸಿನಿಮಾ ಹಾಡು ಹಾಕಿದ್ದೀರಿ. ಹಾಡಿನ ಹಕ್ಕುದಾರರು ಕ್ಲೇಮ್ ಮಾಡಿದರೆ ನಾಳೆ ಆ ವಿಡಿಯೊದ ಆದಾಯ ಅವರಿಗೆ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಆ ಟಪಟಪ ಸದ್ದೇ ಊರು ಬಿಟ್ಟವರನ್ನು ನಿಲ್ಲಿಸುವಂಥದ್ದು. ಹಾಡು ತೆಗೆದುಬಿಡಿ. ನಮಸ್ಕಾರ, ಲೈಕ್ ಮಾಡಿ, ಶೇರ್ ಮಾಡಿ ಅನ್ನುವುದು ಕೊನೆಗಿರಲಿ. ಕಾದ ಹಂಚಿನ ಮೇಲೆ ಉಬ್ಬುತ್ತಿರುವ ರೊಟ್ಟಿಯಿಂದ ಶುರು ಮಾಡಿ. ‘ಜೋಳದ ರೊಟ್ಟಿ ರೆಸಿಪಿ’ ಅನ್ನುವ ವಿಡಿಯೊ ರಾಶಿ ಇವೆ. ‘ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತಾ?’ ಅಂತ ಕೇಳಿ, ಕುದಿಯುವ ನೀರು ಹಾಕಿ ಹಿಟ್ಟು ನಾದುವುದನ್ನು ಹತ್ತಿರದಿಂದ ತೋರಿಸಿ. ಬೆಂಗಳೂರಿನಲ್ಲಿ ಮೊದಲ ಸಲ ರೊಟ್ಟಿ ಬಡಿಯುತ್ತಿರುವ ಹುಡುಗಿ ಕೇಳುವ ಪ್ರಶ್ನೆ ಅದೇ.

ಥಂಬ್‌ನೇಲಿನಲ್ಲಿ ಒಂದೇ ರೊಟ್ಟಿ, ಮೂರ್ನಾಲ್ಕು ದಪ್ಪ ಅಕ್ಷರದ ಪದ ಸಾಕು. ಮೊಬೈಲನ್ನು ಕೈ ಚಾಚಿ ದೂರ ಹಿಡಿದು ನೋಡಿ, ಆಗಲೂ ಓದಲು ಬರಬೇಕು. ಕಂಡವರಲ್ಲಿ ಎಷ್ಟು ಮಂದಿ ಒತ್ತಿದರು ಎಂಬ ಲೆಕ್ಕ ಸ್ಟುಡಿಯೊ ಆಪ್‌ನಲ್ಲಿದೆ. ಅರ್ಧದಷ್ಟು ಚಾನೆಲ್‌ಗಳಲ್ಲಿ ಅದು ಶೇ 2ರಿಂದ 10ರ ಒಳಗಿರುತ್ತದೆ ಅಂತ ಯೂಟ್ಯೂಬ್ ಹೇಳುತ್ತದೆ. ಹಾಗಾಗಿ ನಿಮ್ಮದು ಶೇ 4 ಇದೆ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಒಂದೇ ಹಾಸ್ಯ ವಿಡಿಯೊವನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಮೂರಕ್ಕೂ ಹಾಕಬಹುದೇ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ಧಾರಾಳವಾಗಿ ಹಾಕಿ. ಆದರೆ ಫೇಸ್‌ಬುಕ್‌ನಲ್ಲಿ ಯೂಟ್ಯೂಬ್ ಲಿಂಕ್ ಅಂಟಿಸುವ ಬದಲು ವಿಡಿಯೊವನ್ನೇ ಅಪ್‌ಲೋಡ್ ಮಾಡಿ. ಬೇರೆ ಆಪ್‌ನ ಗುರುತು ಮೂಲೆಯಲ್ಲಿ ಕಾಣುವ ರೀಲ್ಸ್‌ಗಳನ್ನು ಇನ್‌ಸ್ಟಾಗ್ರಾಂ ಹೆಚ್ಚು ಜನರಿಗೆ ತೋರಿಸುವುದಿಲ್ಲ. ಹಾಗಾಗಿ ಒಂದರಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಡಿ. ಎಡಿಟ್ ಮಾಡಿದ ಮೂಲ ಫೈಲನ್ನೇ ಮೂರಕ್ಕೂ ಹಾಕಿ, ಆ ಫೈಲನ್ನು ಹಾರ್ಡ್‌ಡಿಸ್ಕಿನಲ್ಲಿ ಜೋಪಾನವಾಗಿಡಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿತಲ್ಲ, ಆಗ ವಿಡಿಯೊಗಳನ್ನು ಅಲ್ಲಿ ಬಿಟ್ಟರೆ ಬೇರೆಲ್ಲೂ ಇಟ್ಟುಕೊಳ್ಳದವರ ಕೈಯಲ್ಲಿ ಏನೂ ಉಳಿಯಲಿಲ್ಲ. ಮೂರೂ ಕಡೆ ಖಾತೆಯ ಹೆಸರು ಒಂದೇ ಇರಲಿ. ಒಂದು ಕಡೆ ನೋಡಿ ನಕ್ಕವರಿಗೆ ಇನ್ನೊಂದು ಕಡೆ ನಿಮ್ಮನ್ನು ಹುಡುಕುವುದು ಸುಲಭವಾಗುತ್ತದೆ.