ರಿಗ್ ಕೆಲಸಕ್ಕೆ ಬರುವ ಮುಂಚೆ ಸೇಡಂ ಕಡೆ ಹೋಗಿ ಬಾ ತಮ್ಮಾ

ತಮ್ಮಾ, ನೀನು ಬರೆದದ್ದು ಓದಿದೆ. ಯಾದಗಿರಿಯವನು, ಮೆಕ್ಯಾನಿಕಲ್ ಬಿ.ಇ. ಮುಗಿಸಿ ಒಂದು ವರ್ಷ ಆಗಿದೆ. ಹೈದರಾಬಾದಿನ ಏಜೆಂಟ್ ಒಬ್ಬ ಅಬುಧಾಬಿಯಲ್ಲಿ ಆಫ್‌ಶೋರ್ ಇನ್‌ಸ್ಟಾಲೇಶನ್ ಎಂಜಿನಿಯರ್, ಅಂದ್ರೆ ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್‌ಗಳಲ್ಲಿ ಯಂತ್ರ ಕೂರಿಸುವ ಕೆಲಸ ಇದೆ, ಒಂದೂವರೆ ಲಕ್ಷ ಕೊಡು, ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು ಅಂದಿದ್ದಾನೆ. ಹೋಗಲಾ ಬೇಡವಾ, ಅಲ್ಲಿ ಜೀವನ ಹೇಗೆ ಅಂತ ಕೇಳಿದ್ದೀಯ.

ನಾನು ಚಿತ್ತಾಪುರದವನು, ಇಲ್ಲಿ ಯುಎಇಗೆ ಬಂದು 12 ವರ್ಷ ಆಯ್ತು. ಆ ಏಜೆಂಟ್‌ಗೆ ಒಂದು ರೂಪಾಯಿನೂ ಕೊಡಬೇಡ. ವಿಸಿಟ್ ವೀಸಾದಲ್ಲಿ ಕೆಲಸ ಮಾಡೋದು ಇಲ್ಲಿ ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದ ದಿನ ಅವನು ನಿನ್ನ ಫೋನ್ ಎತ್ತೋದಿಲ್ಲ. ನಮ್ಮ ಸರ್ಕಾರದ ಲೈಸೆನ್ಸ್ ಇರುವ ಏಜೆಂಟ್ ಕೂಡ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಸೈಟ್‌ನಲ್ಲಿ ಅವನ ಹೆಸರು ಇದೆಯಾ ನೋಡು. ನಾನೂ ಹೀಗೇ 90 ಸಾವಿರ ಕೊಟ್ಟು ಬಂದವನೇ, ಆ ವರ್ಷದ ತೊಗರಿ ದುಡ್ಡು ಪೂರ್ತಿ ಅದಕ್ಕೇ ಹೋಯ್ತು. ಬಂದು ನೋಡಿದರೆ ಎಂಜಿನಿಯರ್ ಅನ್ನೋದು ಕಾಗದದಲ್ಲಿ ಮಾತ್ರ. ನಾಲ್ಕು ತಿಂಗಳು ಸ್ಟೋರ್‌ನಲ್ಲಿ ಕೂತು ಬೋಲ್ಟು, ಗ್ಯಾಸ್ಕೆಟ್ ಎಣಿಸಿದೆ.

ಇನ್ನು ಕೆಲಸ. ರಿಗ್ ಅಂದ ತಕ್ಷಣ ನಡುಸಮುದ್ರ, ಹೆಲಿಕಾಪ್ಟರ್ ಕಣ್ಣ ಮುಂದೆ ಬರುತ್ತೆ ಅಲ್ವಾ? ಹೊಸಬರಿಗೆ ಸಿಗೋದು ಯಾರ್ಡ್, ಅಂದ್ರೆ ದಡದಲ್ಲಿರುವ ರಿಪೇರಿ ಅಂಗಳ. ಸಮುದ್ರದ ತಳಕ್ಕೆ ಕಾಲು ಊರಿ ನಿಲ್ಲುವ ಜ್ಯಾಕ್‌ಅಪ್ ರಿಗ್‌ಗಳು ರಿಪೇರಿಗೆ, ಹೊಸ ಯಂತ್ರ ಕೂರಿಸೋಕೆ ಶಾರ್ಜಾದ ಹಮ್ರಿಯಾದಂಥ ಕಡೆ ದಡಕ್ಕೆ ಬರುತ್ತವೆ. ಪಂಪು, ಕ್ರೇನು, ಪೈಪಿಂಗು ಎಲ್ಲ ಆದಷ್ಟು ಅಲ್ಲೇ ಕೂರಿಸುತ್ತಾರೆ, ಯಾಕಂದ್ರೆ ಅದೇ ಕೆಲಸ ಸಮುದ್ರದಲ್ಲಿ ಮಾಡಿದರೆ ಖರ್ಚು ಬಹಳ ಜಾಸ್ತಿ. ನಿನ್ನ ಪಾಲಿಗೆ ಬರೋದು ಡ್ರಾಯಿಂಗ್ ಹಿಡ್ಕೊಂಡು ಹೋಗಿ ಅಳತೆ ಸರಿ ಇದೆಯಾ ನೋಡೋದು, ಬೆಳಿಗ್ಗೆ ವರ್ಕ್ ಪರ್ಮಿಟ್ (ಆ ಕೆಲಸ ಶುರು ಮಾಡೋಕೆ ಸುರಕ್ಷತಾ ಅನುಮತಿ) ಮಾಡಿಸೋದು, ಬೋಲ್ಟ್ ಟಾರ್ಕ್, ಅಂದ್ರೆ ಎಷ್ಟು ಬಲದಲ್ಲಿ ಬಿಗಿಸಿದ್ದಾರೆ ಅನ್ನೋದನ್ನ ಬರೆದುಕೊಳ್ಳೋದು, ಪಂಚ್ ಲಿಸ್ಟ್ ಅನ್ನೋ ಬಾಕಿ ಕೆಲಸಗಳ ಪಟ್ಟಿಯಲ್ಲಿ ಉಳಿದದ್ದನ್ನು ಒಂದೊಂದಾಗಿ ಮುಗಿಸೋದು.

ನನ್ನ ಮೊದಲ ಅಲೈನ್‌ಮೆಂಟ್ ಕಥೆ ಕೇಳು. ಬೆಂಕಿ ಆರಿಸೋಕೆ ನೀರು ಕೊಡುವ ಫೈರ್ ವಾಟರ್ ಪಂಪು, ಅದರ ಮೋಟರು. ಎರಡರ ಶಾಫ್ಟೂ ಒಂದೇ ಗೆರೆಯಲ್ಲಿ ಬರಬೇಕು, ಅದೇ ಅಲೈನ್‌ಮೆಂಟ್. ಮಧ್ಯಾಹ್ನ ಡಯಲ್ ಗೇಜ್ (ಸಣ್ಣ ಸರಿತವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಹಚ್ಚಿ, ಮೋಟರ್ ಕಾಲಿನ ಕೆಳಗೆ ಶಿಮ್ ಅನ್ನೋ ತೆಳು ತಗಡು ಹಾಕಿ ಹಾಕಿ ತೆಗೆದು, ಮೂರು ಗಂಟೆ ಒದ್ದಾಡಿ ಸರಿ ಮಾಡಿ ಸಹಿ ಹಾಕಿ ಬಂದೆ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಕೇರಳದ ಫೋರ್‌ಮನ್ ಮತ್ತೆ ಗೇಜ್ ಹಚ್ಚಿದ, ಮುಳ್ಳು ಬೇರೆ ಕಡೆ. ಮಧ್ಯಾಹ್ನದ ಬಿಸಿಲು ಅಡಿಯ ಕಬ್ಬಿಣದ ಚೌಕಟ್ಟಿನ ಒಂದೇ ಮಗ್ಗುಲಿಗೆ ಬಿದ್ದು ಅದು ಹಿಗ್ಗಿತ್ತು, ರಾತ್ರಿ ಕುಗ್ಗಿತ್ತು. ಆಮೇಲೆ ಅವನು ಪೈಪನ್ನು ಪಂಪಿಗೆ ಸೇರಿಸುವ ಫ್ಲ್ಯಾಂಜಿನ ಬೋಲ್ಟ್ ಬಿಗಿಸುತ್ತಾ ನನಗೆ ಮುಳ್ಳು ನೋಡ್ತಾ ಇರು ಅಂದ. ಪೈಪು ಪಂಪನ್ನು ಎಳೆಯೋದು ಕಣ್ಣಿಗೆ ಕಾಣಲ್ಲ, ಮುಳ್ಳಿಗೆ ಕಾಣುತ್ತೆ. 0.05 ಮಿಲಿಮೀಟರ್ ದಾಟಿದರೆ ಪೈಪ್ ಬಿಚ್ಚಿ ಮತ್ತೆ ಮೊದಲಿಂದ. ಕಾಲೇಜಲ್ಲಿ ಇದನ್ನೆಲ್ಲ ನಾನು ಎಲ್ಲಿ ನೋಡಿದ್ದೆ, ವೈವಾದಲ್ಲಿ ಒಂದು ಸಾಲು ಹೇಳಿ ಪಾಸಾಗಿದ್ದೆ ಅಷ್ಟೇ.

ಅದಕ್ಕೇ ಹೇಳ್ತೀನಿ, ಬರುವ ಮುಂಚೆ ಒಂದೂವರೆ ಎರಡು ವರ್ಷ ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿ. ಕಾಂಟ್ರ್ಯಾಕ್ಟರ್ ಕೈಕೆಳಗಾದರೂ ಪರವಾಗಿಲ್ಲ, ಸಂಬಳ ಕಡಿಮೆ ಅಂತ ಮುಖ ತಿರುಗಿಸಬೇಡ. ರಿಪೇರಿಗೆ ಯಂತ್ರ ನಿಲ್ಲಿಸುವ ಶಟ್‌ಡೌನ್ ಬಂದಾಗ ಫಿಟರ್ ಪಕ್ಕದಲ್ಲೇ ನಿಂತಿರು. ಗೇರ್‌ಬಾಕ್ಸ್ ಅಲೈನ್‌ಮೆಂಟ್, ಬೇರಿಂಗ್ ಬದಲಾಯಿಸೋದು, ಭಾರ ಎತ್ತುವಾಗ ಸ್ಲಿಂಗ್, ಅಂದ್ರೆ ಎತ್ತುವ ಹಗ್ಗ ಎಲ್ಲಿ ಹಾಕಬೇಕು, ಇದೇ ವಿದ್ಯೆ ಇಲ್ಲಿ ಬೇಕಾಗಿರೋದು. ಇಂಟರ್‌ವ್ಯೂನಲ್ಲಿ ಡಯಲ್ ಗೇಜ್ ಕೈಗೆ ಕೊಟ್ಟರೆ ಯಾವ ಕಡೆ ಹಿಡಿಯಬೇಕು ಅಂತಾದರೂ ಗೊತ್ತಿರಬೇಕಲ್ಲ.

ಸಮುದ್ರಕ್ಕೆ ಹೋಗುವ ಸರದಿ ಬಂದಾಗ ಬೋಸಿಯೆಟ್ ಅಂತ ಸುರಕ್ಷತಾ ತರಬೇತಿ ಬೇಕು, ನಾಲ್ಕು ವರ್ಷ ನಡೆಯುತ್ತೆ. ಅದರಲ್ಲಿ ಹೆಲಿಕಾಪ್ಟರ್ ಥರದ ಡಬ್ಬಿಯಲ್ಲಿ ಬೆಲ್ಟ್ ಕಟ್ಟಿ ಕೂರಿಸಿ ಈಜುಕೊಳದಲ್ಲಿ ಮುಳುಗಿಸಿ ತಲೆಕೆಳಗೆ ಮಾಡ್ತಾರೆ, ಕಿಟಕಿ ತಳ್ಳಿ ನೀನೇ ಆಚೆ ಬರಬೇಕು. ಮೂಗಿಗೆ ನೀರು ಹೋದಾಗ ನನಗೆ ಮೇಲು ಕೆಳಗು ಗೊತ್ತಾಗಲಿಲ್ಲ. ಒಂದು ಕೈಯಲ್ಲಿ ಕಿಟಕಿ ಅಂಚು ಬಿಡದೆ ಹಿಡಿದಿದ್ದಕ್ಕೆ ಹೊರಗೆ ಬಂದೆ. ನೀನು ಭೀಮಾ ನದಿ ಹತ್ತಿರದವನು, ನೀರಿನ ಹೆದರಿಕೆ ಇರಲಿಕ್ಕಿಲ್ಲ.

ಬಿಸಿಲಿನ ಬಗ್ಗೆ ನಮ್ಮವರು ಜಂಬ ಪಡ್ತಾರೆ, ಮೇ ತಿಂಗಳ ಕಲಬುರಗಿ ನೋಡಿದವರಿಗೆ ಇದೇನು ಮಹಾ ಅಂತ. ನಮ್ಮದು ಒಣ ಬಿಸಿಲು ತಮ್ಮಾ. ಇಲ್ಲಿ ಆಗಸ್ಟ್‌ನಲ್ಲಿ ಎಸಿ ಕ್ಯಾಬಿನ್ ಬಾಗಿಲು ತೆಗೆದರೆ ಕನ್ನಡಕ ಪೂರ್ತಿ ಮಂಜಾಗಿ ಮೆಟ್ಟಿಲೇ ಕಾಣೋದಿಲ್ಲ, ಬೆವರು ಒಣಗೋದೇ ಇಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಅಂತ ನಿಯಮ ಇದೆ, ಅಷ್ಟರಮಟ್ಟಿಗೆ ಬಚಾವ್.

ಭಾಷೆ ಚಿಂತೆ ಬಿಡು. ನಮ್ಮೂರ ಬಜಾರಿನ ಹಿಂದಿ ಇದೆಯಲ್ಲ, ಭಾರ ಕಟ್ಟಿ ಎತ್ತಿಸುವ ಪಾಕಿಸ್ತಾನದ ರಿಗ್ಗರ್, ಬಿಹಾರದ ವೆಲ್ಡರ್ ಎಲ್ಲರ ಜೊತೆ ಅದೇ ನಡೆಯುತ್ತೆ. ಇಂಗ್ಲಿಷಲ್ಲಿ ರಿಪೋರ್ಟ್ ಬರೆಯೋದು ಮಾತ್ರ ಈಗಿಂದಲೇ ಕಲಿ. ಊಟಕ್ಕೆ ಜೋಳದ ಹಿಟ್ಟು ಸಿಗುತ್ತೆ, ಆದರೆ ಕ್ಯಾಂಪ್ ರೂಮಲ್ಲಿ ಅಡುಗೆ ಮಾಡೋಕೆ ಬಿಡಲಿಲ್ಲ, ಮೊದಲ ಮೂರು ವರ್ಷ ಅವ್ವ ಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿಯಲ್ಲೇ ಸಂಜೆ ಕಳೆದೆ.

ಕಂಪನಿಯಿಂದ ನೇರವಾಗಿ ಆಫರ್ ಬಂದರೆ ಮೂಲ ಸಂಬಳ ಎಷ್ಟು, ಓವರ್‌ಟೈಮ್ ಇದೆಯಾ, ಹುದ್ದೆಯ ಹೆಸರು ಏನು ಬರೆದಿದ್ದಾರೆ ನೋಡಿ ನನಗೂ ಕಳಿಸು. ಭಾನುವಾರ ರಜೆ, ಓದಿ ಹೇಳ್ತೀನಿ.