ಕಥೋಲಿಕ್ ಭಕ್ತಿ ನಮ್ಮ ನೆಲದ ಕಾವ್ಯದ ಧಾಟಿಯಲ್ಲಿ ಬಂದಿದ್ದು ಇದೆಯಾ?

ಕ್ರೈಸ್ತ ಭಕ್ತಿಗೀತೆಗಳು ಜಾಸ್ತಿ ಹೊರಗಿನ ರಾಗಕ್ಕೆ ಮಾತು ಜೋಡಿಸಿದ ಹಾಗೆ ಕೇಳಿಸುತ್ತವೆ, ನಮ್ಮ ಧಾಟಿಯಲ್ಲೇ ಹುಟ್ಟಿದ ಕಾವ್ಯ ಇಲ್ವಾ ಅಂತ ಕೇಳಿದ್ದೀರಿ. ಇದೆ. 400 ವರ್ಷ ಹಳೆಯದು. ಹೆಸರು ಕ್ರಿಸ್ತಪುರಾಣ.

ನಾನು ಮಂಗಳೂರು ಕಡೆಯ ಕಥೋಲಿಕ. ಮನೆಮಾತು ಕೊಂಕಣಿ, ಶಾಲೆಯಲ್ಲಿ ಓದಿದ್ದು ಕನ್ನಡ. ಈ ಕಾವ್ಯ ನನಗೆ ಸಿಕ್ಕಿದ್ದು ತಡವಾಗಿ. ಸಿಕ್ಕ ಮೇಲೆ ಬಿಡಲಿಲ್ಲ.

ಬರೆದವರು ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲೆಂಡಿನ ಜೆಸ್ವಿತ್ (ಯೇಸುಸಭೆಯ) ಪಾದ್ರಿ. 1579ರಲ್ಲಿ ಗೋವಾಕ್ಕೆ ಬಂದರು, 40 ವರ್ಷ ಅಲ್ಲೇ ಇದ್ದು ಅಲ್ಲೇ ತೀರಿಕೊಂಡರು. 1616ರಲ್ಲಿ ಗೋವಾದ ರಾಚೋಲ್‌ನಲ್ಲಿ ಈ ಕಾವ್ಯ ಅಚ್ಚಾಯಿತು. ಭಾಷೆ ಕೊಂಕಣಿ ಬೆರೆತ ಮರಾಠಿ. ಎರಡು ಭಾಗ: ಮೊದಲನೆಯದರಲ್ಲಿ ಸೃಷ್ಟಿಯಿಂದ ಬೈಬಲಿನ ಹಳೆಯ ಒಡಂಬಡಿಕೆಯ ಕಥೆ, ಎರಡನೆಯದರಲ್ಲಿ ಕ್ರಿಸ್ತನ ಬದುಕು. ಒಟ್ಟು ಸುಮಾರು 11 ಸಾವಿರ ಪದ್ಯ, ಎಲ್ಲವೂ ಓವಿ ಎಂಬ ಮರಾಠಿ ಛಂದಸ್ಸಿನಲ್ಲಿ.

ನನಗೆ ಈ ಓವಿಯೇ ಮುಖ್ಯ. ಮೂರು ಸಾಲಿಗೆ ಪ್ರಾಸ ಸೇರುತ್ತದೆ, ನಾಲ್ಕನೆಯದು ಗಿಡ್ಡಕ್ಕೆ ನಿಲ್ಲುತ್ತದೆ. ಮರಾಠಿಯ ಸಂತಕವಿಗಳಾದ ಜ್ಞಾನೇಶ್ವರರೂ ಏಕನಾಥರೂ ಹಿಡಿದ ಅಚ್ಚು ಇದೇ. ಮರಾಠಿ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಪದಕ್ಕೂ ಓವಿ ಅಂತಲೇ ಹೆಸರು. ನಮ್ಮ ಬೀಸುವ ಪದಗಳಿಗೆ ತ್ರಿಪದಿ ಇದ್ದ ಹಾಗೆ.

ಈ ಕಾವ್ಯ ಯಾಕೆ ಬೇಕಾಯಿತು ಅನ್ನುವುದನ್ನು ಅದೇ ಹೇಳುತ್ತದೆ. ಕ್ರೈಸ್ತನಾದ ಸ್ಥಳೀಯನೊಬ್ಬ ಪಾದ್ರಿಯ ಹತ್ತಿರ ಕೇಳುತ್ತಾನೆ: ನಮ್ಮ ಹಳೆಯ ಪುರಾಣಗಳನ್ನು ಓದಬೇಡಿ ಅಂದಿರಿ, ಹಾಗಾದರೆ ಅದರ ಜಾಗಕ್ಕೆ ಇನ್ನೊಂದನ್ನು ಯಾಕೆ ಕೊಡುವುದಿಲ್ಲ? ಆ ಕಾಲದಲ್ಲಿ ಪೋರ್ಚುಗೀಸ್ ಆಡಳಿತ ಅಲ್ಲಿನ ಜನರ ಪುಸ್ತಕಗಳನ್ನು ನಾಶ ಮಾಡಿತ್ತು. ಆ ನಷ್ಟ ದೊಡ್ಡದು. ಅದನ್ನು ಮರೆತು ಈ ಕಾವ್ಯವನ್ನು ಓದಲು ನನ್ನಿಂದ ಆಗುವುದಿಲ್ಲ. ಆ ಪ್ರಶ್ನೆಯಲ್ಲಿ ನನಗೆ ಕೇಳಿಸುವುದು ಹಸಿವು. ಸ್ಟೀಫನ್ಸ್ ಅದನ್ನು ಸುಮ್ನೆ ಕೇಳಿ ಬಿಟ್ಟುಬಿಡಲಿಲ್ಲ. ಪರದೇಶದಿಂದ ಬಂದವರು ಇಲ್ಲಿಯ ಛಂದಸ್ಸು ಕಲಿತು ಉತ್ತರ ಕೊಟ್ಟರು.

ಶುರುವಾಗುವುದು ಹೀಗೆ: 'ಓ ನಮೋ ವಿಶ್ವಭರಿತಾ, ದೇವಾ ಬಾಪಾ ಸರ್ವಸಮರ್ಥಾ.' ಮೊದಲ ಸಲ ಓದಿದಾಗ ನಾನು ಅಲ್ಲೇ ನಿಂತುಬಿಟ್ಟೆ. 'ಓ ನಮೋ' ಪುರಾಣದ ಬಾಗಿಲು. ಅದರ ಹಿಂದೆಯೇ 'ಬಾಪಾ'. ನಾವು ರಾತ್ರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮಾಡುವಾಗ 'ಆಮ್ಚ್ಯಾ ಬಾಪಾ' (ನಮ್ಮ ತಂದೆಯೇ) ಅಂತ ಪ್ರಾರ್ಥಿಸುವ ಅದೇ ಬಾಪಾ. ಮುಂದೆ ಸ್ವರ್ಗಕ್ಕೆ ವೈಕುಂಠ ಅನ್ನುತ್ತಾರೆ. ಎರಡೂ ನನ್ನ ಕಿವಿಗೆ ಮನೆಯ ಮಾತೇ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್ ಇರುತ್ತದೆ. ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಆಗ ಹಿರಿಯ ಹೆಂಗಸರು ಹಾಡುವ ಪದಗಳಿಗೆ ವೊವಿಯೊ ಅನ್ನುತ್ತಾರೆ. ನನ್ನ ಅಜ್ಜಿ ಮೊದಲು ಶಿಲುಬೆಯ ಗುರುತು ಮಾಡಿ ಆಮೇಲೆ ಹಾಡು ಎತ್ತುತ್ತಿದ್ದರು. ಓವಿ, ವೊವಿಯೊ. ಕ್ರಿಸ್ತಪುರಾಣ ಕೈಗೆ ಬರುವ ತನಕ ಇವೆರಡಕ್ಕೂ ನಂಟಿದೆ ಅಂತ ನನಗೆ ಹೊಳೆದಿರಲಿಲ್ಲ. ಪುಸ್ತಕ ಹುಡುಕುವ ಮೊದಲೇ ಅದರ ಛಂದಸ್ಸಿನ ಹೆಸರು ನಮ್ಮ ಚಪ್ಪರದಲ್ಲಿತ್ತು.

ಮೊದಲ ಮುದ್ರಣದ ಒಂದು ಪ್ರತಿಯೂ ಉಳಿದಿಲ್ಲ. ಜನ ಕೈಯಲ್ಲಿ ನಕಲು ಮಾಡಿಕೊಂಡು ಓದಿದರು, ಹಾಡಿದರು. 1784ರಿಂದ 1799ರವರೆಗೆ ನಮ್ಮವರು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದಾಗ ಧೈರ್ಯ ಕೊಟ್ಟಿದ್ದು ಇದೇ ಪದ್ಯಗಳು ಅಂತ ಹಿರಿಯರು ಹೇಳುತ್ತಾರೆ. ಹಸ್ತಪ್ರತಿಗಳನ್ನು ಹೋಲಿಸಿ 1907ರಲ್ಲಿ ಮತ್ತೆ ಅಚ್ಚು ಮಾಡಿದ್ದು ನಮ್ಮ ಮಂಗಳೂರಿನಲ್ಲೇ.

ಓದುವುದಾದರೆ ಎರಡನೇ ಭಾಗದಿಂದ ಶುರು ಮಾಡಿ. 1907ರ ಪುಸ್ತಕ ಇರುವುದು ರೋಮನ್ ಲಿಪಿಯಲ್ಲಿ. ಮೊದಲು ಅಚ್ಚಾದಾಗ ಗೋವಾದಲ್ಲಿ ನಾಗರಿ ಅಚ್ಚುಮೊಳೆ ಇರಲಿಲ್ಲ, ಆ ರೂಢಿ ಹಾಗೇ ಉಳಿಯಿತು. ಹಳೆಯ ಪೋರ್ಚುಗೀಸ್ ಕಾಗುಣಿತ ಕಣ್ಣಿಗೆ ತೊಡಕು. ಮನಸ್ಸಿನಲ್ಲೇ ಓದಬೇಡಿ, ಗಟ್ಟಿಯಾಗಿ ಓದಿ. ಕೊಂಕಣಿಯೋ ಮರಾಠಿಯೋ ಸ್ವಲ್ಪ ಬಂದರೂ ಸಾಕು, ಅರ್ಧ ಅರ್ಥ ಕಿವಿಗೇ ಸಿಗುತ್ತದೆ.

ನಾನು ಕ್ರಿಸ್‌ಮಸ್ ಹಿಂದಿನ ಸಂಜೆ ಇಗರ್ಜಿಗೆ ಹೊರಡುವ ಮುಂಚೆ ಮನೆಯಲ್ಲಿ ಹತ್ತು ಓವಿ ಓದುತ್ತೇನೆ. ಅಮ್ಮನಿಗೆ ಮರಾಠಿ ಬರುವುದಿಲ್ಲ. ಆದರೂ ಮೂರನೇ ಸಾಲಿನ ಪ್ರಾಸವನ್ನು ಎಷ್ಟೋ ಸಲ ನನಗಿಂತ ಮೊದಲು ಅವರೇ ಹೇಳಿಬಿಡುತ್ತಾರೆ.